ಲಿಂಕ್ ಫ್ಲ್ಯಾಪ್ ಅಂದರೇನು?

"ನೆಟ್ ಬಂದು ಹೋಗಿ ಮಾಡ್ತದೆ ಮಾರಾಯ, ಗಾಳಿ ಬೀಸಿದ ದಿನ ಜಾಸ್ತಿ." ಮೂಡಿಗೆರೆ ಹತ್ತಿರ ಕಾಫಿ ತೋಟ ಇರುವ ನಮ್ಮ ಭಾವ ಫೋನಿನಲ್ಲಿ ಹೇಳಿದ್ದು ಇಷ್ಟೇ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಪಕ್ಕದ ಕೋಣೆಯಲ್ಲಿ ಉಬುಂಟು (ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್, ಲಿನಕ್ಸ್‌ನ ಒಂದು ಬಗೆ) ಹಾಕಿದ ಕಂಪ್ಯೂಟರ್ ಇದೆ. ಆಳುಗಳ ಲೆಕ್ಕ, ಮೂಟೆ ಲೆಕ್ಕ ಎಲ್ಲ ಅದರಲ್ಲೇ. ಮನೆಯ ರೂಟರಿನಿಂದ ಅಲ್ಲಿಗೆ ಕೇಬಲ್ ಎಳೆದಿದ್ದಾರೆ. ಕೊಯ್ಲಿನ ಸಮಯ ಬೇರೆ. ಉಬುಂಟು ತೆಗೆದು ಬೇರೆ ಏನಾದರೂ ಹಾಕಿಬಿಡಲಾ ಅಂತ ಕೇಳಿದರು. ಬೇಡ, ನಾನೇ ಬರುತ್ತೇನೆ ಅಂದೆ.

ಈ ತೊಂದರೆಗೆ ನೆಟ್‌ವರ್ಕ್ ಕೆಲಸದವರು ಇಟ್ಟ ಹೆಸರು ಲಿಂಕ್ ಫ್ಲ್ಯಾಪ್. ಫ್ಲ್ಯಾಪ್ ಅಂದರೆ ಪಟಪಟ ಬಡಿದುಕೊಳ್ಳುವುದು. ಚಿಲಕ ಹಾಕದ ಕಿಟಕಿ ಗಾಳಿಗೆ ಹೊಡೆದುಕೊಳ್ಳುತ್ತದಲ್ಲ, ಹಾಗೆ. ಲಿಂಕ್ ಅಂದರೆ ಕೇಬಲಿನ ಎರಡು ತುದಿಯಲ್ಲಿರುವ ಪೋರ್ಟ್‌ಗಳ ನಡುವಿನ ಸಂಪರ್ಕ, ಅಷ್ಟೇ. ಆ ಸಂಪರ್ಕ ಕಡಿಯುವುದು, ಕೂಡುವುದು, ಮತ್ತೆ ಕಡಿಯುವುದು, ಇದೇ ಫ್ಲ್ಯಾಪ್.

"ನೆಟ್ ಇಲ್ಲ" ಅನ್ನುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ವೆಬ್‌ಸೈಟ್ ತೆರೆಯುತ್ತಿಲ್ಲ, ಆದರೆ ಪೋರ್ಟಿನ ಪುಟ್ಟ ದೀಪ ಆರದೆ ಉರಿಯುತ್ತಿದೆ ಅಂದರೆ ಹುಡುಕಬೇಕಾದದ್ದು ರೂಟರ್, ಡಿಎನ್ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಅಥವಾ ಹೊರಗಿನ ಲೈನ್. ಫ್ಲ್ಯಾಪ್ ಆದಾಗ ದೀಪವೇ ಆರಿ ಹತ್ತುತ್ತದೆ. ಲಿಂಕ್ ಎರಡು ಸೆಕೆಂಡ್ ಹೋದರೂ ನಮಗೆ ಅದಕ್ಕಿಂತ ಜಾಸ್ತಿ ಹೊತ್ತು ಹೋದಂತೆ ಅನ್ನಿಸುತ್ತದೆ. ಯಾಕೆಂದರೆ ಮತ್ತೆ ಕೂಡಿದಾಗ ಎರಡೂ ಕಡೆಯ ಪೋರ್ಟ್‌ಗಳು ಯಾವ ವೇಗದಲ್ಲಿ ಮಾತಾಡೋಣ ಅಂತ ಮೊದಲಿಂದ ಒಪ್ಪಂದ ಮಾಡಿಕೊಳ್ಳಬೇಕು. ಇದಕ್ಕೆ ಆಟೋ ನೆಗೋಶಿಯೇಶನ್ ಅನ್ನುತ್ತಾರೆ. ಆಮೇಲೆ ಐಪಿ ವಿಳಾಸವನ್ನೂ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ಮತ್ತೆ ಕೇಳಿ ಪಡೆಯಬೇಕಾಗಬಹುದು.

ಲಿನಕ್ಸ್‌ನಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದು: ಅದು ಎಲ್ಲವನ್ನೂ ಬರೆದಿಡುತ್ತದೆ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಸುಡೊ, ಅಂದರೆ ಅಡ್ಮಿನ್ ಅಧಿಕಾರ, ಸೇರಿಸಿ ಸಿಸ್ಟಮ್ಮಿನ ದಾಖಲೆ ತೋರಿಸುವ ಡಿಮೆಸ್ಗ್ ಕಮಾಂಡ್ ಓಡಿಸಿದರೆ "ಲಿಂಕ್ ಈಸ್ ಡೌನ್", "ಲಿಂಕ್ ಈಸ್ ಅಪ್" ಅನ್ನುವ ಸಾಲುಗಳು ಹೊತ್ತಿನ ಸಮೇತ ಸಿಗುತ್ತವೆ. ಇನ್ನೊಂದು ಜಾಗ ಹೆಚ್ಚು ಜನಕ್ಕೆ ಗೊತ್ತಿಲ್ಲ. ಸಿಸ್ ಫೋಲ್ಡರ್, ಅದರೊಳಗೆ ಕ್ಲಾಸ್, ಅದರೊಳಗೆ ನೆಟ್, ಅದರೊಳಗೆ ನಿಮ್ಮ ನೆಟ್‌ವರ್ಕ್ ಕಾರ್ಡಿನ (ಕಂಪ್ಯೂಟರಿನಲ್ಲಿ ಕೇಬಲ್ ಚುಚ್ಚುವ ಭಾಗ) ಹೆಸರು. ಅಲ್ಲಿ ಕ್ಯಾರಿಯರ್ ಚೇಂಜಸ್ ಅನ್ನುವ ಫೈಲಿನಲ್ಲಿ ಒಂದೇ ಒಂದು ಸಂಖ್ಯೆ ಇರುತ್ತದೆ. ಲಿಂಕ್ ಎಷ್ಟು ಸಲ ಬದಲಾಯಿತು ಅನ್ನುವ ಎಣಿಕೆ ಅದು. ಕಂಪ್ಯೂಟರ್ ಆರಿಸಿ ಹಾಕಿದರೆ ಎಣಿಕೆ ಹೊಸದಾಗಿ ಶುರು.

ಭಾವನ ಕಂಪ್ಯೂಟರಿನಲ್ಲಿ ಆ ಸಂಖ್ಯೆ ಅರ್ಧ ದಿನಕ್ಕೇ ನೂರು ದಾಟಿತ್ತು. ಡಿಮೆಸ್ಗ್ ಸಾಲುಗಳನ್ನು ನಿಧಾನಕ್ಕೆ ಓದಿದಾಗ ಇನ್ನೊಂದು ಸುಳಿವು ಸಿಕ್ಕಿತು. ಲಿಂಕ್ ಒಂದು ಸಲ 1 ಗಿಗಾಬಿಟ್ ವೇಗದಲ್ಲಿ ಕೂಡುತ್ತಿತ್ತು, ಇನ್ನೊಂದು ಸಲ 100 ಮೆಗಾಬಿಟ್‌ನಲ್ಲಿ.

ಇದು ಸುಮ್ನೆ ಆಗುವುದಲ್ಲ. ಕೇಬಲ್ ಒಳಗೆ ಎಂಟು ಎಳೆ ಇರುತ್ತವೆ, ಎರಡೆರಡು ಹೆಣೆದ ನಾಲ್ಕು ಜೋಡಿ. ಗಿಗಾಬಿಟ್‌ಗೆ ಎಂಟೂ ಬೇಕು. 100 ಮೆಗಾಬಿಟ್‌ಗೆ ನಾಲ್ಕೇ ಸಾಕು, 1, 2, 3 ಮತ್ತು 6ನೇ ಪಿನ್ನಿನವು. ಮಿಕ್ಕ ನಾಲ್ಕರಲ್ಲಿ ಒಂದು ಎಳೆ ಸಡಿಲವಾದರೆ ಗಿಗಾಬಿಟ್ ನಿಲ್ಲುವುದಿಲ್ಲ. ಕೆಲವು ಕಾರ್ಡ್‌ಗಳು ಆಗ ತಾವೇ 100ಕ್ಕೆ ಇಳಿಯುತ್ತವೆ.

ಅನುಮಾನ ಗಟ್ಟಿ ಮಾಡಿಕೊಳ್ಳಲು, ಕಾರ್ಡಿನ ಸೆಟ್ಟಿಂಗ್ ಬದಲಿಸುವ ಈಥ್‌ಟೂಲ್ ಅನ್ನುವ ಕಮಾಂಡ್ ಬಳಸಿ ವೇಗವನ್ನು 100ಕ್ಕೆ ಕಟ್ಟಿಹಾಕಿದೆ. ಲಿಂಕ್ ಅಲುಗಾಡದೆ ನಿಂತಿತು. ಇಲ್ಲಿ ಒಂದು ಎಚ್ಚರ: ಹೀಗೆ ಮಾಡುವಾಗ ಆಟೋ ನೆಗೋಶಿಯೇಶನ್ ಆನ್ ಆಗಿಯೇ ಇರಲಿ. ಒಂದು ಕಡೆ ಮಾತ್ರ ಆಫ್ ಮಾಡಿದರೆ ಇನ್ನೊಂದು ಕಡೆ ಹಾಫ್ ಡ್ಯೂಪ್ಲೆಕ್ಸ್‌ಗೆ, ಅಂದರೆ ಒಂದು ಸಲಕ್ಕೆ ಒಬ್ಬರೇ ಮಾತಾಡುವ ಪದ್ಧತಿಗೆ, ಇಳಿಯುತ್ತದೆ. ಆಗ ಲಿಂಕ್ ಇದ್ದರೂ ನೆಟ್ ತೆವಳುತ್ತದೆ, ಹೊಸ ತಲೆನೋವು.

ಎಲ್ಲ ಫ್ಲ್ಯಾಪ್‌ಗೂ ಕೇಬಲ್ಲೇ ಕಾರಣ ಅಲ್ಲ. ಪ್ಲಗ್ಗಿನ ಲಾಕ್ ಮುರಿದಿರಬಹುದು, ರೂಟರಿನ ಪೋರ್ಟ್ ಸವೆದಿರಬಹುದು, ಕಾರ್ಡಿನ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಸರಿ ಇಲ್ಲದಿರಬಹುದು. ವಿದ್ಯುತ್ ಉಳಿಸಲೆಂದು ಇರುವ ಇಇಇ ಅನ್ನುವ ಸೌಲಭ್ಯ ಕೆಲವು ಕಾರ್ಡ್ ಮತ್ತು ರೂಟರ್‌ಗಳ ನಡುವೆ ಹೊಂದದೆ ಕಾಟ ಕೊಡುತ್ತದೆ. ಅದನ್ನೂ ಈಥ್‌ಟೂಲ್‌ನಿಂದಲೇ ಆಫ್ ಮಾಡಿ ನೋಡಬಹುದು. ಆದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಪೋರ್ಟ್ ಬದಲಿಸಿ. ಅದೇ ಕೇಬಲ್ಲಿಗೆ ಬೇರೆ ಲ್ಯಾಪ್‌ಟಾಪ್ ಚುಚ್ಚಿ ನೋಡಿ. ಡ್ರೈವರ್ ತಂಟೆಗೆ ಹೋಗುವುದು ಕೊನೆಗೆ. ಆಪರೇಟಿಂಗ್ ಸಿಸ್ಟಮ್ ತೆಗೆದು ಹಾಕುವುದಂತೂ ನನ್ನ ಪಟ್ಟಿಯಲ್ಲೇ ಇಲ್ಲ.

ಭಾವನ ಕೇಬಲ್ ಹಿಡಿದುಕೊಂಡು ಹೊರಗೆ ನಡೆದೆವು. ಅರ್ಧ ದಾರಿಯಲ್ಲಿ ಅದನ್ನು ಒಂದು ಸಿಲ್ವರ್ ಓಕ್ ಮರಕ್ಕೆ ಬಿಗಿಯಾಗಿ ಕಟ್ಟಿದ್ದರು. ಗಾಳಿಗೆ ಮರ ತೂಗಿದಾಗಲೆಲ್ಲ ಕೇಬಲ್ ಜಗ್ಗುತ್ತಿತ್ತು. ಕೋಣೆಯ ಕಡೆಯ ಪ್ಲಗ್ ಕತ್ತರಿಸಿ ಬಿಡಿಸಿದರೆ, ಕಂದು ಎಳೆ ಒಳಗೇ ತುಂಡಾಗಿತ್ತು. ತುದಿಗೆ ತುದಿ ಬರೀ ತಾಗಿಕೊಂಡಿತ್ತು.

ಹೊಸ ಕೇಬಲನ್ನು ಪೈಪಿನೊಳಗೆ ಹಾಕಿ ನೆಲದಲ್ಲಿ ಹೂತೆವು. ಗುಡುಗು ಶುರುವಾದರೆ ಎರಡೂ ಕಡೆ ಪ್ಲಗ್ ಕಿತ್ತಿಡಿ ಅಂತಲೂ ಭಾವನಿಗೆ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ಭಾವ ಸಂಜೆ ಆ ಕ್ಯಾರಿಯರ್ ಚೇಂಜಸ್ ಫೈಲ್ ತೆರೆದು ಫೋನ್ ಮಾಡಿದರು. ಇಡೀ ದಿನ ಗಾಳಿ ಬೀಸಿತ್ತಂತೆ. ಸಂಖ್ಯೆ 2.