ರುಬಾಯಾದ ಕರಿ ಮಣ್ಣು ನಮ್ಮ ಬೋರ್ಡಿಗೆ ಬಂದ ದಾರಿ

ಹೋದ ತಿಂಗಳು ಹಳೇ ಲ್ಯಾಪ್‌ಟಾಪ್ ಬೋರ್ಡ್ ರಿಪೇರಿಗೆ ಕೂತು ಚಾರ್ಜ್ ಹಿಡಿದಿಡೋ ಒಂದು ಹಳದಿ ಕೆಪಾಸಿಟರ್‌ನ ಉಲ್ಟಾ ಹಾಕಿಬಿಟ್ಟೆ. ಡಬ್ಬಿ ಆಕಾರದ ಮಾಮೂಲಿ ಕೆಪಾಸಿಟರಲ್ಲಿ ಪಟ್ಟಿ ಇರೋ ಕಡೆ ಮೈನಸ್, ಈ ಹಳದೀದರಲ್ಲಿ ಪಟ್ಟಿ ಇರೋ ಕಡೆ ಪ್ಲಸ್, ಇದು ಗೊತ್ತಿದ್ದೂ ಕೈ ತಪ್ಪಿತು. ಪವರ್ ಕೊಟ್ಟ ತಕ್ಷಣ ಟಪ್ ಅಂತು, ಕಿಡಿ ಹಾರ್ತು, ರೂಮೆಲ್ಲಾ ಸುಟ್ಟ ವಾಸನೆ. ತೊಗರಿಬೇಳೆ ಸೈಜಿನ ಆ ತುಂಡು ಟ್ಯಾಂಟಲಮ್ ಕೆಪಾಸಿಟರ್. ಇನ್ನೊಂದು ತರೋಕೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ ಸುಮ್ನೆ "ಎಲ್ಲಿಂದ ಬರುತ್ತೆ ಇದು" ಅಂದೆ, ಅಂಗಡಿಯವರು ತಲೆ ಎತ್ತದೆ "ಚೈನಾ ಸರ್" ಅಂದ್ರು. ಸುಳ್ಳೇನಲ್ಲ, ಆದ್ರೆ ಅದು ಬಸ್ ಬದಲಾಯಿಸಿದ ಊರು ಅಷ್ಟೆ, ಹೊರಟಿದ್ದು ಆಫ್ರಿಕಾದ ಕಾಂಗೋ ದೇಶದ ರುಬಾಯಾದಂಥ ಊರಿಂದ.

ಈ ಲೋಹಾನ 1802ರಲ್ಲಿ ಸ್ವೀಡನ್ನಿನ ಆಂಡರ್ಸ್ ಎಕೆಬರ್ಗ್ ಕಂಡುಹಿಡಿದ. ಗ್ರೀಕರ ಪುರಾಣದಲ್ಲಿ ಟ್ಯಾಂಟಲಸ್ ಅಂತೊಬ್ಬನಿಗೆ ಶಾಪ, ಕುತ್ತಿಗೆವರೆಗೂ ನೀರಲ್ಲಿ ನಿಂತಿದ್ರೂ ಒಂದು ಗುಟುಕು ಕುಡಿಯೋಕಾಗಲ್ಲ. ಆಸಿಡ್‌ನಲ್ಲಿ ಮುಳುಗಿಸಿದ್ರೂ ಈ ವಸ್ತು ಏನನ್ನೂ ಹೀರ್ಕೊಳ್ಳಲ್ಲ ಅಂತ ಎಕೆಬರ್ಗ್ ಅವನ ಹೆಸರನ್ನೇ ಇಟ್ಟ. ಇದರ ಪುಡೀನ ಒತ್ತಿ ಕಾಯಿಸಿದ್ರೆ ಸ್ಪಂಜಿನ ಥರ ಸಣ್ಣ ಗುಳಿಗೆ ಆಗುತ್ತೆ, ಒಳಗಿನ ರಂಧ್ರಗಳ ಗೋಡೆಗೆಲ್ಲಾ ತೀರಾ ತೆಳು ಆಕ್ಸೈಡ್ ಪದರ ಹತ್ತಿಸಬಹುದು, ಹಾಗಾಗಿ ಬೇಳೆಯಷ್ಟು ಜಾಗದಲ್ಲೇ ಬೇಕಾದಷ್ಟು ಚಾರ್ಜ್ ಹಿಡಿಯುತ್ತೆ. 1950ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಇದನ್ನ ಈಗಿನ ರೂಪಕ್ಕೆ ತಂದ್ರು. ತೊಂಬತ್ತರ ದಶಕದಲ್ಲಿ ಇಟ್ಟಿಗೆ ಥರ ಇದ್ದ ಮೊಬೈಲ್ ಜೇಬಿಗೆ ಇಳಿದಿದ್ದರಲ್ಲಿ ಇದರದ್ದೂ ಪಾಲಿದೆ.

ಅದಿರಿಗೆ ಮಧ್ಯ ಆಫ್ರಿಕಾದಲ್ಲಿ ಕೋಲ್ಟಾನ್ ಅಂತಾರೆ. ಪೂರ್ವ ಕಾಂಗೋದಲ್ಲಿ ಬೆಲ್ಜಿಯಂನವರು ತವರ ತೆಗೀತಿದ್ದ ಕಾಲದಲ್ಲಿ ಇದು ಜೊತೆಗೆ ಸಿಗೋ ಉಪ ಉತ್ಪನ್ನ ಅಷ್ಟೆ. 1982ರಲ್ಲಿ ಅಲ್ಲಿನ ಸರ್ವಾಧಿಕಾರಿ ಮೊಬುಟು ಸರ್ಕಾರ ಜನಸಾಮಾನ್ಯರೂ ಅಗೀಬಹುದು ಅಂತ ಬಿಟ್ಟುಕೊಡ್ತು, 1985ರಲ್ಲಿ ಜಗತ್ತಿನ ಮಾರ್ಕೆಟಲ್ಲಿ ತವರದ ಬೆಲೆ ಕುಸಿದು ಕಂಪನಿಗಳು ಸೊರಗಿದ್ವು, ಉಳಿದಿದ್ದು ಗುಂಡಿಗಳು ಮತ್ತು ಗುದ್ದಲಿ ಹಿಡಿದ ಜನ. ಕೆಲಸ ಈಗಲೂ ಹಂಗೇ ಇದೆ. ಗುಡ್ಡ ಅಗೆದು ಮಣ್ಣನ್ನ ನೀರಿನ ಕಾಲುವೆಗೆ ಸುರೀತಾರೆ, ನಮ್ಮಜ್ಜಿ ಅಕ್ಕಿ ಜಾಲಿಸ್ತಿದ್ದ ಹಂಗೆ ಆಡಿಸ್ತಾರೆ, ಒಂದೇ ವ್ಯತ್ಯಾಸ ಅಂದ್ರೆ ಅಜ್ಜಿ ತಳದಲ್ಲಿ ಉಳಿದ ಕಲ್ಲು ಎಸೀತಿದ್ರು, ಇವರು ತಳದಲ್ಲಿ ಉಳಿದ ಭಾರದ ಕರಿ ಮರಳನ್ನೇ ಚೀಲಕ್ಕೆ ತುಂಬ್ಕೋತಾರೆ. ಅಲ್ಲಿಂದ ದಲ್ಲಾಳಿ, ದಲ್ಲಾಳಿಯಿಂದ ಗೋಮಾ ಊರಿನ ಮಂಡಿ, ಮಂಡಿಯಿಂದ ಗಡಿ ದಾಟಿ ದೂರದ ಕುಲುಮೆ. ಹತ್ತು ಗುಂಡಿಯ ಮರಳು ಒಂದು ಸಲ ಬೆರೆತು ಕುಲುಮೆಗೆ ಬಿದ್ದಮೇಲೆ ಯಾವ ಕಣ ಯಾವ ಗುಡ್ಡದ್ದು ಅಂತ ಹುಡುಕೋದು ದೋಸೆ ಹುಯ್ದಮೇಲೆ ಯಾವ ಅಂಗಡಿ ಅಕ್ಕಿ ಅಂತ ಕೇಳಿದ ಹಾಗೆ.

2000ದಲ್ಲಿ ಎಲ್ಲಾ ಒಟ್ಟಿಗೆ ಆಯ್ತು. ಮೊಬೈಲ್ ಸೇಲ್ಸ್ ಏರ್ತಿತ್ತು, ಪ್ಲೇಸ್ಟೇಷನ್ 2 ಬಂತು, ಎಲ್ಲಿ ಸ್ಟಾಕ್ ಸಿಗದೆ ಹೋಗುತ್ತೋ ಅಂತ ಕಂಪನಿಗಳು ಗೋಡೌನ್ ತುಂಬ್ಕೊಂಡವು, ಪೌಂಡಿಗೆ 30-40 ಡಾಲರ್ ಇದ್ದ ಅದಿರು ವರ್ಷಾಂತ್ಯಕ್ಕೆ 300 ದಾಟಿ, ಮುಂದಿನ ವರ್ಷ ಮತ್ತೆ ನೆಲಕ್ಕೆ ಬಿತ್ತು. ಅತ್ತ ಕಾಂಗೋದಲ್ಲಿ 1998ರಿಂದ ಎರಡನೇ ಯುದ್ಧ ನಡೀತಿತ್ತು, ಗಣಿಗಳಿದ್ದ ಪೂರ್ವ ಭಾಗ ರುವಾಂಡಾ ಮತ್ತು ಉಗಾಂಡಾ ಬೆಂಬಲದ ಬಂಡುಕೋರರ ಕೈಲಿತ್ತು. 2001ರ ಏಪ್ರಿಲಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಅಲ್ಲಿ ನಡೀತಿದ್ದ ಅದಿರಿನ ಲೂಟೀನ ವರದಿಯಲ್ಲಿ ಬರೀತು. ಕಾಹುಜಿ-ಬಿಯೆಗಾ ನ್ಯಾಷನಲ್ ಪಾರ್ಕ್ ಒಳಗೂ ಅಗೆಯೋರು ನುಗ್ಗಿದ್ರು, ಊಟಕ್ಕೆ ಅಂತ ಕಾಡುಪ್ರಾಣಿ ಕೊಂದ್ರು, ಗೊರಿಲ್ಲಾಗಳೂ ಅದರಲ್ಲಿ ಸೇರಿದ್ವು. "ವಿಡಿಯೋ ಗೇಮಿಗೋಸ್ಕರ ಯುದ್ಧ" ಅಂತ ಆಗ ಹೆಡ್ಡಿಂಗ್‌ಗಳು ಬಂದ್ವು, ನನಗೆ ಅದು ಅತಿಯಾಯ್ತು ಅನ್ಸುತ್ತೆ, ಯಾಕಂದ್ರೆ ಯುದ್ಧ ಹುಟ್ಟಿದ್ದು ಬೇರೆ ಕಾರಣಕ್ಕೆ ಮತ್ತು ಆಗ ಟ್ಯಾಂಟಲಮ್‌ನ ದೊಡ್ಡ ಪಾಲು ಬರ್ತಿದ್ದಿದ್ದು ಆಸ್ಟ್ರೇಲಿಯಾದಿಂದ. ಆದ್ರೆ 2008ರ ಕೊನೆಗೆ ಅಲ್ಲಿನ ವಾಡ್ಜಿನಾ ಗಣಿ ನಿಂತುಹೋಯ್ತು, ಗುದ್ದಲಿಯಲ್ಲಿ ತೆಗೆದ ಅಗ್ಗದ ಅದಿರಿನ ಮುಂದೆ ಮೆಷಿನ್ ಗಣಿಗೆ ಗಿಟ್ಟಲಿಲ್ಲ, ಭಾರ ಕಾಂಗೋ-ರುವಾಂಡಾ ಕಡೆ ವಾಲಿತು. (ಈಗ ವಾಡ್ಜಿನಾದಲ್ಲಿ ಲಿಥಿಯಂ ತೆಗೀತಾರೆ, ಎರಡೂ ಒಂದೇ ಜಾತಿ ಬಂಡೇಲಿ ಸಿಗುತ್ತೆ. ಶ್ರೀರಂಗಪಟ್ಟಣ ತಾಲೂಕಿನ ಮರಳಗಾಲದ ಹತ್ರ 1,600 ಟನ್ ಲಿಥಿಯಂ ಇದೆ ಅಂತ ನ್ಯೂಸ್ ಬಂತಲ್ಲ, ಅದೂ ಇಂಥದೇ ಬಂಡೆ.)

2010ರ ಜುಲೈನಲ್ಲಿ ಅಮೆರಿಕ ಡಾಡ್-ಫ್ರಾಂಕ್ ಕಾಯ್ದೆ ತಂತು. ಅದು ಬ್ಯಾಂಕುಗಳ ಮೇಲಿನ ಕಾನೂನು, ಬಾಲದಲ್ಲಿ 1502 ಅಂತೊಂದು ಸೆಕ್ಷನ್, ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ಈ ನಾಲ್ಕು ಕಾಂಗೋ ಸುತ್ತಮುತ್ತಲಿಂದ ಬಂದಿದೆಯಾ ಅಂತ ಕಂಪನಿಗಳು ಪರೀಕ್ಷಿಸಿ ಹೇಳಬೇಕು. ಪರೀಕ್ಷೆ ಯಾರಿಗೆ ಬೇಕು, ಬಹಳಷ್ಟು ಜನ ಕೊಳ್ಳೋದನ್ನೇ ಬಿಟ್ರು. ಅದೇ ಸೆಪ್ಟೆಂಬರಲ್ಲಿ ಕಾಂಗೋ ಅಧ್ಯಕ್ಷ ಕಬಿಲಾ ಪೂರ್ವದ ಮೂರು ಪ್ರಾಂತ್ಯಗಳಲ್ಲಿ ಗಣಿಗಾರಿಕೇನೇ ಬಂದ್ ಮಾಡಿದ್ರು, 2011ರ ಮಾರ್ಚ್‌ವರೆಗೂ. ದಿನಗೂಲಿ ಮೇಲೆ ಬದುಕ್ತಿದ್ದೋರ ಒಲೆ ಆರ್ತು, ಅಲ್ಲಿನವರು ಆ ಕಾನೂನಿಗೆ ಒಬಾಮಾ ಕಾನೂನು ಅಂತ ಹೆಸರಿಟ್ರು. ಆಮೇಲೆ ಬಂದಿದ್ದು ಟ್ಯಾಗು: ಪ್ರತಿ ಚೀಲದ ಬಾಯಿಗೆ ನಂಬರ್ ಇರೋ ಪ್ಲಾಸ್ಟಿಕ್ ಪಟ್ಟಿ, ಇಂಥ ಗಣಿಯದು ಅಂತ. ಕೆಲವು ಕಡೆ ಉಪಯೋಗ ಆಯ್ತು ಅನ್ನೋದು ನಿಜ, ಆದ್ರೆ ಖಾಲಿ ಟ್ಯಾಗ್‌ಗಳೂ ಮಾರಾಟಕ್ಕೆ ಬಂದ್ವು. ರೇಷನ್ ಕಾರ್ಡು ಕಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

2024ರ ಏಪ್ರಿಲಲ್ಲಿ ಎಂ23 ಬಂಡುಕೋರರು ಉತ್ತರ ಕಿವು ಪ್ರಾಂತ್ಯದ ರುಬಾಯಾ ಹಿಡಿದ್ರು. ಇದೊಂದೇ ಊರಿನ ಗುಡ್ಡಗಳಿಂದ ಜಗತ್ತಿನ ಟ್ಯಾಂಟಲಮ್‌ನ ಸುಮಾರು 15 ಪರ್ಸೆಂಟ್ ಬರುತ್ತೆ. ಬಂಡುಕೋರರು ಅಲ್ಲಿ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ತೆರಿಗೆ ಎತ್ತುತಾರೆ, ಕನಿಷ್ಠ 150 ಟನ್ ರುವಾಂಡಾಕ್ಕೆ ಹೋಗಿ ಅಲ್ಲಿನ ಅದಿರಿನ ಜೊತೆ ಬೆರೆತಿದೆ ಅಂತ ವಿಶ್ವಸಂಸ್ಥೆ ತಜ್ಞರು ಬರೆದ್ರು. 2025ರ ಜನವರಿಯಲ್ಲಿ ಗೋಮಾ ಕೂಡ ಬಿತ್ತು, ವಿಶ್ವಸಂಸ್ಥೆ ಪಡೆಯಲ್ಲಿ ನಮ್ಮ ಭಾರತದ ಸೈನಿಕರು ವರ್ಷಗಟ್ಟಲೆ ಡ್ಯೂಟಿ ಮಾಡಿದ ಊರು ಅದು.

ಅದಕ್ಕೂ ಒಂದು ತಿಂಗಳ ಮುಂಚೆ ಕಾಂಗೋ ಸರ್ಕಾರ ಆಪಲ್‌ನ ಅಂಗಸಂಸ್ಥೆಗಳ ಮೇಲೆ ಇಂಥ ಅದಿರು ಬಳಸ್ತಾರೆ ಅಂತ ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ದೂರು ಕೊಟ್ಟಿತ್ತು. ಕಂಪನಿ ಆರೋಪ ಒಪ್ಪಲಿಲ್ಲ. ಕಾಂಗೋ ಮತ್ತು ರುವಾಂಡಾದ ಅದಿರನ್ನ ಸದ್ಯಕ್ಕೆ ತಗೋಬೇಡಿ ಅಂತ ಸಪ್ಲೈಯರ್‌ಗಳಿಗೆ ಆಗಲೇ ಹೇಳಿದೀವಿ ಅಂತು. ಅಲ್ಲಿ ಗುಂಡಿ ಅಗೆಯೋರಿಗೆ ಈ ಮಾತು ಹೊಸದಲ್ಲ, 2010ರಲ್ಲೇ ಒಂದು ಸಲ ಕೇಳಿಸ್ಕೊಂಡಿದಾರೆ.