ಬಾಗಿಲ ಹಿಂದಿನ ಚೀಲ ಎಲ್ಲಿಗೆ ಹೋಯಿತು?

ಮಾಟುಂಗದ ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ತೂಗಿದ ಮೇಲೆ ಅಂಗಡಿಯವನು ಕೇಳುತ್ತಾನೆ: "ಪಿಶ್ವಿ ಆಹೆ ಕಾ?" ಚೀಲ ಇದೆಯಾ ಅಂತ. ಇದೆ ಅಂದರೆ ತಕ್ಕಡಿಯಿಂದ ನೇರ ಚೀಲಕ್ಕೆ. ಇಲ್ಲ ಅಂದರೆ ಗೋಣಿಯ ಅಡಿಯಿಂದ ತೆಳ್ಳನೆಯ ತೊಟ್ಟೆಯೊಂದು ಹೊರಬರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ಕರಾವಳಿಯವರು ಮುಂಬಯಿಯಲ್ಲೂ ತೊಟ್ಟೆ ಅಂತಲೇ ಅನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಅದನ್ನು ನಿಷೇಧಿಸಿ ವರ್ಷಗಳೇ ಆದವು.

ನಮ್ಮ ಚಾಳಿನ ಮನೆಯಲ್ಲಿ ಬಾಗಿಲ ಹಿಂದೆ ಒಂದು ಮೊಳೆ ಇತ್ತು. ಅದಕ್ಕೆ ಮೂರು ಚೀಲ. ರೇಷನ್ನಿಗೆ ದಪ್ಪ ಕ್ಯಾನ್ವಾಸಿನದು, ತರಕಾರಿಗೆ ಅಪ್ಪನ ಹಳೆ ಪ್ಯಾಂಟಿನಿಂದ ಅಮ್ಮ ಹೊಲಿದದ್ದು, ಮೀನಿಗೆ ವಯರಿನ ಬುಟ್ಟಿ. ಬೇಳೆ, ಸಕ್ಕರೆ ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದವು. ಎಣ್ಣೆಗೆ ಮನೆಯಿಂದಲೇ ಡಬ್ಬಿ ಒಯ್ಯುತ್ತಿದ್ದೆವು. ಪೊಟ್ಟಣಕ್ಕೆ ಸುತ್ತಿದ ದಾರವನ್ನೂ ಅಮ್ಮ ಬಿಸಾಡುತ್ತಿರಲಿಲ್ಲ.

ಈಗ ನಾವು ನೋಡುವ ಹಿಡಿಕೆಯ ಪ್ಲಾಸ್ಟಿಕ್ ಚೀಲ ಸ್ವೀಡನ್ನಿನಲ್ಲಿ ಹುಟ್ಟಿದ್ದು. ಸ್ಟೆನ್ ಗುಸ್ತಾಫ್ ಥುಲಿನ್ ಎಂಬ ಎಂಜಿನಿಯರ್ ಅದನ್ನು ರೂಪಿಸಿದರು. 1965ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಪ್ಪ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತಿದ್ದರು ಅಂತ ಅವರ ಮಗ ಮುಂದೆ ಹೇಳಿದ್ದಾರೆ. ಒಮ್ಮೆ ಬಳಸಿ ಎಸೆಯುವ ರೂಢಿ ಆಮೇಲೆ ಬಂದದ್ದು.

ಮುಂಬಯಿಗೆ ಈ ಚೀಲದ ಭಯ ಹುಟ್ಟಿದ್ದು 2005ರ ಜುಲೈ 26ರಂದು. ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಬಿತ್ತು. ಜನ ರಾತ್ರಿಯಿಡೀ ಸೊಂಟಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು, ನೂರಾರು ಮಂದಿ ಸೇರಲೇ ಇಲ್ಲ. ನೀರು ಇಳಿದಾಗ ಚರಂಡಿಗಳ ಬಾಯಲ್ಲಿ ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿದ್ದವು. ತಪ್ಪು ಚೀಲದ್ದೊಂದೇ ಅಲ್ಲ, ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ನಗರದ ಹಳೆಯ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಗಷ್ಟೇ ಕಟ್ಟಿದಂಥವು. ಮಿಠಿ ನದಿಯನ್ನು ಒತ್ತುವರಿ ಹಿಂಡಿಹಾಕಿತ್ತು. ಸಮುದ್ರದಲ್ಲೂ ಉಬ್ಬರ ಇತ್ತು. ಆದರೂ ಕಟ್ಟಿಕೊಂಡ ಚರಂಡಿಗೆ ಇನ್ನಷ್ಟು ಕಟ್ಟಿಕೊಳ್ಳಲು ಚೀಲ ನೆರವಾಯಿತು. ಢಾಕಾದಲ್ಲೂ ಹೀಗೇ ಆಗಿತ್ತು. ನೆರೆ ಕಂಡ ಬಾಂಗ್ಲಾದೇಶ 2002ರಲ್ಲೇ ತೆಳು ಚೀಲವನ್ನು ನಿಷೇಧಿಸಿತ್ತು.

ಮುಂದಿನದು ಮೈಕ್ರಾನ್‌ಗಳ ಕಥೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕೇಂದ್ರದ 1999ರ ನಿಯಮ ಚೀಲ ಕನಿಷ್ಠ 20 ಮೈಕ್ರಾನ್ ದಪ್ಪ ಇರಬೇಕು ಅಂದಿತು. ಮುಂಬಯಿಯಲ್ಲಿ ನೆರೆ ಬಂದ ಮರುವರ್ಷ, 2006ರಲ್ಲಿ, ಮಹಾರಾಷ್ಟ್ರ ಅದನ್ನು 50ಕ್ಕೆ ಏರಿಸಿತು. ಕೇಂದ್ರ 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75 ಅಂದಿತು, 2022ರ ಕೊನೆಯ ಹೊತ್ತಿಗೆ 120ಕ್ಕೆ ಬಂತು. ಇದರ ಹಿಂದೆ ಒಂದು ಲೆಕ್ಕ ಇತ್ತು. ದಪ್ಪ ಚೀಲಕ್ಕೆ ಬೆಲೆ ಜಾಸ್ತಿ, ಅಂಗಡಿಯವನು ಪುಕ್ಕಟೆ ಕೊಡುವುದಿಲ್ಲ. ಎಸೆದರೂ ತೂಕ ಇರುವುದರಿಂದ ಚಿಂದಿ ಆಯುವವರು ಎತ್ತಿಕೊಳ್ಳುತ್ತಾರೆ. ತೆಳು ಚೀಲವನ್ನು ನೂರಾರು ಹೆಕ್ಕಿದರೂ ಕಿಲೋ ಆಗದು, ಯಾರು ಬಗ್ಗುತ್ತಾರೆ? ಲೆಕ್ಕ ಸರಿಯಾದದ್ದೇ. ಆದರೆ ಕೊತ್ತಂಬರಿ ಮಾರುವ ಅಜ್ಜಿ 50 ಮತ್ತು 40ರ ವ್ಯತ್ಯಾಸವನ್ನು ಬೆರಳಲ್ಲಿ ಹೇಗೆ ಹಿಡಿಯಬೇಕು?

2016ರಲ್ಲಿ ಕರ್ನಾಟಕ ದಪ್ಪದ ಗೊಡವೆ ಬಿಟ್ಟು ಪ್ಲಾಸ್ಟಿಕ್ ಚೀಲವನ್ನೇ ನಿಷೇಧಿಸಿತು. 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರವೂ ಅದೇ ದಾರಿ ಹಿಡಿಯಿತು. ಮೊದಲ ತಪ್ಪಿಗೆ 5,000 ರೂಪಾಯಿ ದಂಡ, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ಮತ್ತು ಮೂರು ತಿಂಗಳ ಜೈಲು. ಜೂನ್ 23ರಿಂದ ತಪಾಸಣೆ ಶುರುವಾದಾಗ ಬಟ್ಟೆ ಚೀಲಗಳು ಮತ್ತೆ ಹೊರಬಂದವು. ನನ್ನ ಅತ್ತಿಗೆ ಹಳೆ ಸೀರೆಗಳಿಂದ ಹೊಲಿದು ಅಕ್ಕಪಕ್ಕದವರಿಗೆಲ್ಲ ಕೊಟ್ಟಳು. ಆಮೇಲೆ ಕೊರೋನಾ ಬಂತು, ಮುಟ್ಟುವ ಭಯದಲ್ಲಿ ತೊಟ್ಟೆಯೂ ಮರಳಿತು.

ಇನ್ನೊಂದು ಚೀಲದ ಬಗ್ಗೆ ಹುಷಾರಾಗಿರಬೇಕು. ಬಟ್ಟೆಯ ಹಾಗೇ ಕಾಣುವ, ಬಣ್ಣಬಣ್ಣದ, ಮುಟ್ಟಿದರೆ ಸ್ವಲ್ಪ ತರಿತರಿ ಅನ್ನುವ ಚೀಲ ಬಟ್ಟೆಯದ್ದಲ್ಲ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಗಟ್ಟಿಯಿದ್ದು ನೂರು ಸಲ ಬಳಸಿದರೆ ಒಳ್ಳೆಯದೇ. ಎರಡೇ ವಾರಕ್ಕೆ ಕಿತ್ತುಹೋದರೆ ಏನು ಉಪಯೋಗ? ಹಾಗಂತ ಹೊಸ ಹತ್ತಿ ಚೀಲ ಕೊಳ್ಳುತ್ತಲೇ ಇರುವುದೂ ಸರಿಯಲ್ಲ. ಹತ್ತಿ ಬೆಳೆಯಲು ನೀರು, ಗೊಬ್ಬರ ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿ, ಹವಾಮಾನದ ಮೇಲಿನ ಹೊರೆ ಹಗುರ ಪ್ಲಾಸ್ಟಿಕ್ ಚೀಲಕ್ಕಿಂತ ಕಡಿಮೆಯಾಗಲು ಹತ್ತಿ ಚೀಲವನ್ನು 131 ಸಲ ಬಳಸಬೇಕು ಅಂದಿತು. ಅತ್ತಿಗೆಯ ಸೀರೆ ಚೀಲಕ್ಕೆ ಆ ಹೊರೆಯಿಲ್ಲ. ಆ ಬಟ್ಟೆ ಆಗಲೇ ಒಂದು ಆಯಸ್ಸು ಬಾಳಿದೆ.

ಇಷ್ಟೆಲ್ಲ ಕಾನೂನು ಬಂದರೂ ತೊಟ್ಟೆ ಯಾಕೆ ಹೋಗಲಿಲ್ಲ? ನಾವು ಸಾಮಾನು ಕೊಳ್ಳುವ ರೀತಿಯೇ ಬದಲಾಗಿದೆ ಅಂತ ನನಗನ್ನಿಸುತ್ತದೆ. ಆಗ ಪೇಟೆಗೆ ಹೋಗುವುದು ಮನೆಯಿಂದ ಶುರುವಾಗುತ್ತಿತ್ತು, ಹೊರಡುವಾಗ ಮೊಳೆಯ ಮೇಲೆ ಕಣ್ಣು ಬೀಳುತ್ತಿತ್ತು. ಈಗ ಡೊಂಬಿವಲಿಯಲ್ಲಿ ಲೋಕಲ್ ಇಳಿದು, ಸ್ಟೇಷನ್ ಹೊರಗೆ, ಸಂಜೆ ಏಳೂವರೆಗೆ ಪಾಲಕ್ ಕಣ್ಣಿಗೆ ಬೀಳುತ್ತದೆ. ಚೀಲ ಮನೆಯಲ್ಲೇ ಉಳಿದಿರುತ್ತದೆ. ಕಾನೂನು ಚೀಲದ ದಪ್ಪ ಅಳೆಯಿತು. ಕೊಳ್ಳುವ ಹೊತ್ತಿಗೆ ನಮ್ಮ ಚೀಲ ಎಲ್ಲಿರುತ್ತದೆ ಅಂತ ಯಾರೂ ಕೇಳಲಿಲ್ಲ, ಅಲ್ವಾ?

ನನ್ನದು ಈಗ ಆಫೀಸ್ ಬ್ಯಾಗಿನಲ್ಲಿ, ಟಿಫಿನ್ ಡಬ್ಬಿಯ ಕೆಳಗೆ ಮಡಚಿಕೊಂಡಿದೆ. ಹಸಿರು ಅಂಚಿನ ಇಳಕಲ್ ಸೀರೆಯ ತುಂಡು. ಮನೆಗೆ ಬಂದು ಪಾಲಕ್ ಸುರಿದ ತಕ್ಷಣ ಅದನ್ನು ಮತ್ತೆ ಅಲ್ಲೇ ಇಡುತ್ತೇನೆ. ಸ್ಟೇಷನ್ ಹೊರಗಿನ ಸೊಪ್ಪಿನ ಮೌಶಿ ಈಗ ನನ್ನನ್ನು ಪಿಶ್ವಿ ಕೇಳುವುದಿಲ್ಲ. ತಕ್ಕಡಿ ಎತ್ತಿ, ನಾನು ಚೀಲ ಬಿಡಿಸುವ ತನಕ ಕಾಯುತ್ತಾಳೆ.