ಮ್ಯಾನ್‌ಹೋಲ್ ಒಳಗೊಂದು ಜಲಪಾತ

ರಾತ್ರಿ ಹೊತ್ತು ರಸ್ತೆಯ ಕೆಳಗೆ ನೀರು ಧುಮುಕುವ ಸದ್ದು, ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಬೆಂಗಳೂರಿನ ಒಂದು ಇಳಿಜಾರು ಬಡಾವಣೆಯ ಅಜ್ಜಿ ಕೊಟ್ಟ ದೂರು ಇದು. ಹೋಗಿ ಮ್ಯಾನ್‌ಹೋಲ್ ಮುಚ್ಚಳ ತೆಗೆಸಿದೆ. ಅಡ್ಡರಸ್ತೆಯ ಪೈಪು ಗೋಡೆಯ ನಡುವಲ್ಲೇ ಬಾಯಿ ಬಿಟ್ಟುಕೊಂಡಿತ್ತು. ಅಲ್ಲಿಂದ ತಳಕ್ಕೆ ಒಂದಾಳು ಆಳ. ಕೊಳಚೆ ಸುಮ್ನೆ ಸುರಿಯುತ್ತಿತ್ತು.

ಅಲ್ಲಿ ಡ್ರಾಪ್ ಮ್ಯಾನ್‌ಹೋಲ್ ಇರಬೇಕಿತ್ತು. ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು. ದೊಡ್ಡ ಒಳಚರಂಡಿ ಕೊಳವೆಗಳು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ಹೋಗುತ್ತವೆ. ಬೀದಿಯ ಪೈಪುಗಳು ಮೇಲಿಂದ ಇಳಿದು ಬಂದು ಅವನ್ನು ಸೇರಬೇಕು. ಕೊಳಚೆ ಸೆಕೆಂಡಿಗೆ 0.6 ಮೀಟರ್ ಆದರೂ ಓಡದಿದ್ದರೆ ಹೂಳು ಕೂರುತ್ತದೆ. 3 ಮೀಟರ್ ದಾಟಿದರೆ ಮರಳು ಪೈಪನ್ನೇ ಉಜ್ಜಿ ಸವೆಸುತ್ತದೆ. ಹಾಗಾಗಿ ಕಡಿದಾದ ಬೀದಿಯಲ್ಲಿ ಪೈಪನ್ನು ನೆಲದ ಇಳಿಜಾರಿಗೇ ಹಾಕುವ ಹಾಗಿಲ್ಲ. ಕಡಿಮೆ ಇಳಿಜಾರಿನಲ್ಲಿ ಹಾಕಿ, ಅಲ್ಲಲ್ಲಿ ಮೆಟ್ಟಿಲಿನಂತೆ ಕೆಳಗಿಳಿಸುತ್ತೇವೆ. ಆ ಮೆಟ್ಟಿಲೇ ಡ್ರಾಪ್ ಮ್ಯಾನ್‌ಹೋಲ್.

ಪೈಪುಗಳ ಮಟ್ಟದಲ್ಲಿ 600 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಇದು ಬೇಕು. ಮ್ಯಾನ್‌ಹೋಲ್ ಗೋಡೆಗೆ ಹೊರಗಿನಿಂದ ಒಂದು ನೆಟ್ಟಗಿನ ಪೈಪು ಇಳಿಸಿ, ತಳದಲ್ಲಿ ಬೆಂಡ್ ಕೊಟ್ಟು ಮ್ಯಾನ್‌ಹೋಲ್ ಒಳಗಿನ ಕಾಲುವೆಗೆ ಸೇರಿಸುತ್ತಾರೆ. ಮೇಲಿನ ಪೈಪನ್ನು ಗೋಡೆಯ ಒಳಗೂ ತೆರೆದಿಡಬೇಕು. ಕಟ್ಟಿಕೊಂಡಾಗ ರಾಡ್ ಹಾಕಲು ಅದೇ ದಾರಿ. ಉಳಿತಾಯದ ಹೆಸರಲ್ಲಿ ಗುತ್ತಿಗೆದಾರರು ಕೈಬಿಡುವುದು ಈ ನೆಟ್ಟಗಿನ ಪೈಪನ್ನೇ. ಮುಚ್ಚಳ ಹಾಕಿದ ಮೇಲೆ ಯಾರು ನೋಡ್ತಾರೆ, ಅಲ್ವಾ?

ಕೊಳಚೆ ಎತ್ತರದಿಂದ ಬಿದ್ದು ಕದಡಿದರೆ ಅದರಲ್ಲಿರುವ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಒದ್ದೆ ಗೋಡೆಯ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತವೆ. ಕಾಂಕ್ರೀಟ್ ಹಪ್ಪಳದಂತೆ ಉದುರುತ್ತದೆ, ಕಬ್ಬಿಣದ ಮೆಟ್ಟಿಲು ತುಕ್ಕು ಹಿಡಿಯುತ್ತದೆ. ಈ ಅನಿಲದ ಇನ್ನೊಂದು ಮೋಸ: ಪ್ರಮಾಣ ಏರಿದರೆ ಮೂಗು ಸತ್ತು ವಾಸನೆಯೇ ತಿಳಿಯುವುದಿಲ್ಲ. ‘ವಾಸನೆ ಹೋಯ್ತು, ಇಳೀಬಹುದು’ ಅಂದುಕೊಂಡವರು ಮೇಲೆ ಬರಲಿಲ್ಲ. ರಕ್ಷಣೆಯ ಸಾಧನವಿಲ್ಲದೆ ಯಾರನ್ನಾದರೂ ಒಳಗಿಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಲ್ಲಿ ಅಪರಾಧ.

ಬೇರೆ ಬಗೆಯ ಮ್ಯಾನ್‌ಹೋಲ್‌ಗಳೂ ಇವೆ. ಫ್ಲಶಿಂಗ್ ಮ್ಯಾನ್‌ಹೋಲ್ ಲೈನಿನ ಮೇಲಿನ ತುದಿಯಲ್ಲಿರುತ್ತದೆ. ನೀರು ತುಂಬಿಸಿ ಒಮ್ಮೆಲೇ ಬಿಟ್ಟರೆ ಹೂಳು ಕೊಚ್ಚಿಕೊಂಡು ಹೋಗುತ್ತದೆ. ಅರ್ಧ ಸೈಟು ಖಾಲಿ ಇರುವ ಹೊಸ ಬಡಾವಣೆಗೆ ಇದು ಬೇಕೇ ಬೇಕು. ಇರುವ ನಾಲ್ಕು ಮನೆಯ ನೀರಿಗೆ ಪೈಪು ತೊಳೆಯುವಷ್ಟು ಬಲ ಎಲ್ಲಿಂದ ಬರಬೇಕು? ದೊಡ್ಡ ಕೊಳವೆಗಳಲ್ಲಿ ಸ್ಕ್ರೇಪರ್ ಮ್ಯಾನ್‌ಹೋಲ್ ಇರುತ್ತದೆ, ಬಾಯಿ ಅಗಲ, ಹೂಳೆತ್ತುವ ಬಕೆಟ್ ಯಂತ್ರ ಇಳಿಯಬೇಕಲ್ಲ. ಮೇಲಿಂದ ದೀಪ ಇಳಿಬಿಟ್ಟು ಪೈಪು ನೋಡುತ್ತಿದ್ದ ಲ್ಯಾಂಪ್ ಹೋಲ್‌ನ ಕೆಲಸ ಈಗ ಕ್ಯಾಮೆರಾದ್ದು.

ಅಜ್ಜಿಯ ಬೀದಿಯಲ್ಲಿ ಗೋಡೆಯ ಹೊರಬದಿ ಅಗೆಸಿ ಡ್ರಾಪ್ ಪೈಪು ಇಳಿಸಿದೆವು, ಒಳಗೋಡೆಗೆ ಹೊಸ ಗಾರೆ ಬಳಿಸಿದೆವು. ವಾರದ ನಂತರ ಅಜ್ಜಿ ಫೋನ್ ಮಾಡಿದರು. ‘ಸದ್ದೇ ಬರ್ತಿಲ್ಲವಲ್ಲ, ಪೈಪು ಕಟ್ಟಿಕೊಂಡಿದೆಯಾ?’